ಬೀಗ ಹಾಕಿದ ಕೋಣೆಯಲ್ಲಿ ತಿರುಗಿದ ತಿರುಪು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಹುಳುಮನೆಗೆ ದೃಷ್ಟಿ ತಾಕಿತು, ಹೊಸಲಲ್ಲಿ ಯಾರೋ ನಿಂತ ಹಾಗಾಯಿತು ಎಂದು ನಮ್ಮ ಜಂಗಮಕೋಟೆಯ ಹೆಂಗಸರು ಬಂದಾಗ, "ದೃಷ್ಟಿ ಗಿಷ್ಟಿ ಏನಿಲ್ಲ ಕಣ್ರೇ, ಬ್ಲೀಚಿಂಗ್ ಪೌಡರ್ ಹಾಕಿ ತೊಳೀರಿ" ಎಂದು ಕಳಿಸುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ಬಂದ ದಿನದಿಂದ ರೇಷ್ಮೆಹುಳುವಿಗೆ ಸೊಪ್ಪು ಹಾಕಿಕೊಂಡೇ ಮುದುಕಿಯಾದವಳು. ದೆವ್ವಕ್ಕೆ ಹೆದರಲು ನನಗೆ ಪುರುಸೊತ್ತು ಸಿಕ್ಕಿದ್ದೇ ಇಲ್ಲ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಮೊದಲು ನನ್ನ ಮೊಮ್ಮಗಳು ಮೇಘನಳ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಸಂತೋಷ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವಳು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಕೋಣೆ ನೋಡಿಕೊಳ್ಳುತ್ತಾಳೆ. ಕೂದಲಿಗಿಂತ ಸಣ್ಣದನ್ನು ಬೆರಳಷ್ಟು ದಪ್ಪ ಮಾಡಿ ತೋರಿಸುವ ಯಂತ್ರ. ಅಂಥ ಯಂತ್ರಗಳು ಗೌರಿಬಿದನೂರಿನಲ್ಲೂ ಇದ್ದವು, ಚಿಂತಾಮಣಿಯಲ್ಲೂ ಇದ್ದವು. ಶಿಡ್ಲಘಟ್ಟದ ರೇಷ್ಮೆಮೊಟ್ಟೆ ಕೇಂದ್ರದಲ್ಲಿ ಒಂದು ಹಳೆಯದಿತ್ತು. ಒಳ್ಳೆಯದು ಇದ್ದವರು ಬಟ್ಟೆ ಹೊದಿಸಿ ಇಟ್ಟಿದ್ದರು, ಬೇಕಾದವರ ಹತ್ತಿರ ಇರಲಿಲ್ಲ. ನಾಲ್ಕೂ ಊರನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಒಬ್ಬರ ಯಂತ್ರದಲ್ಲಿ ಇನ್ನೊಬ್ಬರು ನೋಡುವ ಹಾಗೆ ಮಾಡಬೇಕೆಂದು ಇವಳು ಹಟ ತೊಟ್ಟಳು.

ನನಗೇ ಇದು ಸರಿ ಬರಲಿಲ್ಲ. ಹುಳುವಿನ ಬೆಳೆ ನಡೆಯುವಾಗ ಹುಳುಮನೆಯ ಸಾಮಾನನ್ನು ನಾವು ಯಾರಿಗೂ ಕೊಡುವುದಿಲ್ಲ, ಅದರ ಜೊತೆ ಕಾಯಿಲೆ ನಡೆದುಕೊಂಡು ಹೋಗುತ್ತದೆ.

"ಒಂದು ತಟ್ಟೆ ಪಕ್ಕದ ಮನೆಗೆ ಕೊಡದೋರು ಕಣೇ ನಾವು, ನೀನು ಊರೂರಿಗೆ ಹಂಚಾಕೆ ಹೊರಟಿದ್ದೀಯಾ?" ಎಂದೆ.

"ಯಂತ್ರ ಎಲ್ಲೂ ಹೋಗಲ್ಲ ಅಜ್ಜಿ. ಕಣ್ಣು ಮಾತ್ರ ಹೋಗ್ತದೆ" ಎಂದಳು.

ಎಷ್ಟು ಸಲ ಬಸ್ಸು ಹತ್ತಿ ಇಳಿದಳೋ! ಹೋದ ಕಡೆಯೆಲ್ಲ ಟೀ ಕುಡಿಸಿ ಕಳಿಸುತ್ತಿದ್ದರು. ಇವಳು ಮತ್ತೆ ಹೋಗುತ್ತಿದ್ದಳು. ಕೊನೆಗೆ ಸ್ವಲ್ಪ ದಿನ ಮಾಡಿ ನೋಡೋಣ, ಉಪಯೋಗ ಕಾಣದಿದ್ದರೆ ನಮ್ಮ ನಮ್ಮದು ನಮಗೆ ಎಂದು ಒಪ್ಪಿದರು. ಆ ಗಡುವು ಮುಗಿಯುವ ದಿನವೇ ನಾನು ಅವಳ ಕೆಲಸ ನೋಡಲು ಹೋಗಿದ್ದು. ರೇಷ್ಮೆ ಸೀರೆ ಉಟ್ಟು, ಡಬ್ಬಿಯಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು ತೆಗೆದುಕೊಂಡು ಹೋಗಿದ್ದೆ. ಸಂಜೆ ನಾಲ್ಕೂ ಊರಿನವರ ಸಭೆ ಅಲ್ಲೇ ಇತ್ತು. ಅಲ್ಲಿಯವರೆಗೆ ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿರಲಿಲ್ಲ. ಮೇಘನಳ ಮುಖ ಸೋತಿತ್ತು, ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ.

ಅಂದು ನೋಡುತ್ತಿದ್ದದ್ದು ಶಿಡ್ಲಘಟ್ಟದಿಂದ ಬಂದ ಚಿಟ್ಟೆಯ ರಸ. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು, ಅದರಲ್ಲಿ ಗಂಟುರೋಗ ಇದೆಯೇ ಎಂದು ನೋಡುತ್ತಾರೆ. ತಾಯಿಗಿದ್ದರೆ ಮೊಟ್ಟೆಗೂ ಬರುತ್ತದೆ, ಆಮೇಲೆ ಹುಳುಮನೆಯೇ ಹೋಯಿತು. ಶಿಡ್ಲಘಟ್ಟದವರು ತಮ್ಮ ಯಂತ್ರದಲ್ಲಿ ನೋಡಿ ಸರಿಯಿದೆ ಎಂದಿದ್ದರು. ಆ ಮೊಟ್ಟೆ ಮಾರನೆಯ ದಿನ ಸಾದಲಿ, ದಿಬ್ಬೂರಹಳ್ಳಿ, ನಮ್ಮ ಜಂಗಮಕೋಟೆಯ ಮನೆಗಳಿಗೆ ಬರಬೇಕಿತ್ತು. ಅದೇ ರಸವನ್ನು ಚಿಂತಾಮಣಿಯ ಒಳ್ಳೆಯ ಯಂತ್ರದ ಕೆಳಗೆ ಇಟ್ಟವಳು ಅಲ್ಲಿನ ಸಹಾಯಕಿ ನಸೀಮಾ. ಚಿತ್ರ ಇಲ್ಲಿ ಮೇಘನಳ ಪರದೆಯ ಮೇಲೆ ಬರುತ್ತಿತ್ತು.

"ನನಗೇನೂ ಕಾಣ್ಲಿಲ್ಲ ಮೇಡಂ. ಹಾಗೇ ಬಿಟ್ಟು ಊಟಕ್ಕೆ ಹೋಗ್ತೀನಿ, ನೀವೂ ಒಂದ್ಸಲ ನೋಡ್ಕೊಳ್ಳಿ" ಎಂದು ನಸೀಮಾ ಫೋನಿಟ್ಟಳು.

ನಾವೂ ಊಟಕ್ಕೆ ಕೂತೆವು. ಪರದೆಯ ಮೇಲೆ ಬೂದು ಬಣ್ಣದ ಒಂದು ಚಿತ್ರ ಅಲುಗಾಡದೆ ನಿಂತಿತ್ತು. ನಾನು ಮುದ್ದೆ ಮುರಿಯುತ್ತಾ ಅದನ್ನೇ ನೋಡುತ್ತಿದ್ದೆ. ಆ ಚಿತ್ರ ಪಕ್ಕಕ್ಕೆ ಸರಿಯಿತು.

"ಲೇ, ಇದು ಹೋಗ್ತಾ ಐತಲ್ಲೇ."

"ನಸೀಮಕ್ಕ ವಾಪಸ್ ಬಂದ್ರೇನೋ" ಎಂದು ಮೇಘನ ಫೋನು ಮಾಡಿದಳು. ನಸೀಮಾ ಮನೆಯಲ್ಲಿದ್ದಳು. ಹಿಂದೆ ಮಗು ಅಳುವುದು ನನಗೂ ಕೇಳಿಸಿತು. "ಬೀಗದ ಕೈ ನನ್ನ ಹತ್ರಾನೇ ಐತೆ ಮೇಡಂ" ಎಂದಳು. ಇನ್ನೊಂದು ಬೀಗದ ಕೈ ಇದ್ದದ್ದು ಅಲ್ಲಿನ ಮುಖ್ಯಸ್ಥರ ಜೇಬಿನಲ್ಲಿ. ಅವರು ಸಭೆಗೆಂದು ಹೊರಟು ಬಸ್ಸಿನಲ್ಲಿದ್ದರು.

ಆ ಯಂತ್ರಕ್ಕೆ ಮೋಟಾರು ಇಲ್ಲ. ರಸ ಹಚ್ಚಿದ ಗಾಜನ್ನು ಸರಿಸಲು ಪಕ್ಕದಲ್ಲಿರುವ ತಿರುಪನ್ನು ಕೈಯಲ್ಲೇ ತಿರುಗಿಸಬೇಕು. ಇಲ್ಲಿಂದ ನೋಡಬಹುದು, ತಿರುಗಿಸಲಾಗುವುದಿಲ್ಲ. ಆದರೂ ಚಿತ್ರ ಹೋಗುತ್ತಿತ್ತು. ಸುಮ್ಮನೆ ಜಾರುವ ಹಾಗಲ್ಲ. ಈ ಅಂಚಿನಿಂದ ಆ ಅಂಚಿಗೆ, ಸ್ವಲ್ಪ ಮೇಲೆ, ಮತ್ತೆ ಹಿಂದಕ್ಕೆ. ತಟ್ಟೆಯಲ್ಲಿ ಕಾಯಿಲೆಯ ಹುಳು ಹುಡುಕುವಾಗ ನಾವು ಹಾಗೇ ಕಣ್ಣಾಡಿಸುತ್ತೇವೆ. ಒಂದು ಮೂಲೆಗೆ ಬಂದು ನಿಂತಿತು. ಮಸುಕಾಯಿತು. ನಿಧಾನವಾಗಿ ತಿಳಿಯಾಯಿತು. ಅಲ್ಲಿ ಅಕ್ಕಿನುಚ್ಚಿನಂಥ ಹೊಳೆಯುವ ಕಾಳುಗಳು ಗುಂಪಾಗಿ ಕೂತಿದ್ದವು.

ಮೇಘನ ಎಂಜಲು ಕೈಯಲ್ಲೇ ಎದ್ದು ನಿಂತಳು. "ಗಂಟುರೋಗ ಅಜ್ಜಿ" ಎಂದಳು.

ನಸೀಮಾ ಓಡಿ ಬಂದು, ವಿಡಿಯೋದಲ್ಲಿ ನಮಗೆ ತೋರಿಸುತ್ತಲೇ ಬೀಗ ತೆಗೆದಳು. ಒಳಗೆ ಯಾರೂ ಇರಲಿಲ್ಲ. ಕಿಟಕಿಗಳಿಗೆ ಚಿಲಕ ಹಾಕಿತ್ತು. "ನಾನು ಗಾಜನ್ನ ಮಧ್ಯಕ್ಕೆ ಇಟ್ಟಿದ್ದೆ, ಇದು ಮೂಲೆಗೆ ಬಂದೈತೆ" ಎಂದಳು.

ನನ್ನ ಚಿಂತೆ ಬೇರೆಯಾಗಿತ್ತು. ಇದನ್ನು ಸಭೆಯಲ್ಲಿ ಹೇಳಿದರೆ ಹುಡುಗಿಯ ಇಷ್ಟು ದಿನದ ಓಡಾಟ ನೀರುಪಾಲು. "ನಸೀಮಾನೇ ತಿರುಗಿಸಿ ನೋಡಿದ್ಲು ಅಂದ್ಬಿಡು, ಯಾರು ಕೇಳ್ತಾರೆ?" ಎಂದೆ.

"ಆಗಲ್ಲ ಅಜ್ಜಿ. ಕಂಡಿದ್ದನ್ನ ಕಂಡ ಹಾಗೆ ಹೇಳ್ದಿದ್ರೆ ನಾಳೆ ನಮ್ಮ ಚಿತ್ರಾನ ಯಾರು ನಂಬ್ತಾರೆ?"

ಸಭೆಯಲ್ಲಿ ನನ್ನನ್ನೂ ಹಿಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಅವಳು ಎಲ್ಲವನ್ನೂ ಹೇಳಿದಳು, ಯಾರು ತಿರುಗಿಸಿದರೋ ಗೊತ್ತಿಲ್ಲ ಎಂಬುದನ್ನೂ ಸೇರಿಸಿ. ಚಿಂತಾಮಣಿಯ ಮುಖ್ಯಸ್ಥರು ಮೊದಲು ನಕ್ಕರು.

"ಏಮ್ಮಾ, ನಮ್ಮ ಮೈಕ್ರೋಸ್ಕೋಪಿಗೆ ದೆವ್ವ ಹಿಡಿಸಿಬಿಟ್ಯಾ?" ಆಮೇಲೆ ನಗು ಬಿಟ್ಟು, "ಅದು ಕೆಟ್ಟಿದೆ ಅಷ್ಟೇ. ಕೆಟ್ಟಿದ್ದನ್ನ ಹಂಚ್ಕೊಂಡು ಏನು ಮಾಡೋದು? ಇವತ್ತಿಗೆ ನಿಲ್ಲಿಸಿಬಿಡಣ" ಎಂದರು.

ಮೇಘನ ಕೂರಲಿಲ್ಲ. "ಕೆಟ್ಟಿದೆ ಅಂತಾನೇ ಇಟ್ಕೊಳ್ಳಿ ಸರ್. ಅದನ್ನ ಬಿಟ್ಟು ಮಿಕ್ಕ ಕಡೆ ಅದೇ ರಸ ನೋಡಣ. ಮೊಟ್ಟೆ ಒಂದು ದಿನ ನಿಲ್ಲಲಿ. ಎಲ್ಲೂ ಸಿಗ್ಲಿಲ್ಲ ಅಂದ್ರೆ ನಾನು ಇನ್ನೊಂದ್ಸಲ ನಿಮ್ಮ ಬಾಗಿಲಿಗೆ ಬರಲ್ಲ."

ರಸದ ಶೀಸೆ ಗೌರಿಬಿದನೂರಿಗೂ ಹೋಯಿತು, ಮೇಘನಳ ಕಾಲೇಜಿಗೂ ಬಂತು. ಮಾರನೆಯ ದಿನ ಮಧ್ಯಾಹ್ನದವರೆಗೆ ಯಾರ ಕಣ್ಣಿಗೂ ಏನೂ ಬೀಳಲಿಲ್ಲ. ನಾನು ಹರಕೆ ಹೊರುವುದೊಂದು ಬಾಕಿ. ಆಮೇಲೆ ಗೌರಿಬಿದನೂರಿನವರಿಂದ ಒಂದು ಚಿತ್ರ ಬಂತು. ಅದೇ ಹೊಳೆಯುವ ಕಾಳು. ಸ್ವಲ್ಪ ಹೊತ್ತಿಗೆ ಮೇಘನಳಿಗೂ ಸಿಕ್ಕಿತು. ಶಿಡ್ಲಘಟ್ಟದವರು ಆ ಮೊಟ್ಟೆಯನ್ನೆಲ್ಲ ಸುಟ್ಟರು. ಜೋಡಣೆ ಮುಂದುವರಿಯಲಿ ಎಂದು ಮೊದಲು ಹೇಳಿದವರು ಆ ಮುಖ್ಯಸ್ಥರೇ! ಅಂದು ನಾನು ಬೀದಿಯವರಿಗೆಲ್ಲ ಸಕ್ಕರೆ ಹಂಚಿದೆ. ಯಾಕೆಂದು ಕೇಳಿದವರಿಗೆ ಕೂರಿಸಿಕೊಂಡು ಹೇಳಿದೆ, ಕೇಳದವರಿಗೂ ಹೇಳಿದೆ.

ತಿರುಪಿನ ವಿಷಯ ಮಾತ್ರ ಬಗೆಹರಿಯಲಿಲ್ಲ. ರಿಪೇರಿಯವರು ಬಂದು ನೋಡಿದರು. ತಿರುಪಿನ ಹಲ್ಲು ಸವೆದಿದ್ದರೆ ಗಾಜು ಒಂದು ಕಡೆಗೆ ಜಾರಬಹುದು, ಹೋಗಿ ಮತ್ತೆ ಹಿಂದಕ್ಕೆ ಬರುವುದಿಲ್ಲ, ಮಸುಕು ತಾನಾಗಿ ತಿಳಿಯಾಗುವುದಿಲ್ಲ ಎಂದರು. ಹಲ್ಲೂ ಸವೆದಿರಲಿಲ್ಲ. ನಸೀಮಾ ಎಷ್ಟೋ ದಿನ ಹಾಗೇ ಗಾಜಿಟ್ಟು, ಬೀಗ ಹಾಕಿ ಕಾದಳು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೊನ್ನೆ ಮೇಘನಳ ಜೊತೆ ಚಿಂತಾಮಣಿಗೆ ಹೋಗಿ ಆ ಯಂತ್ರವನ್ನು ಕಣ್ಣಾರೆ ಕಂಡೆ. ತಿರುಪನ್ನು ಮುಟ್ಟಿ ನೋಡಿದೆ, ಬಿಗಿಯಾಗಿಯೇ ಇದೆ. ಈಗ ಅದಕ್ಕೆ ಎಷ್ಟು ಬೇಡಿಕೆಯೆಂದರೆ ನಾಲ್ಕೂ ಊರಿನವರು ಮುಂಚೆಯೇ ಹೊತ್ತು ಬುಕ್ ಮಾಡಿಕೊಳ್ಳಬೇಕು. ಊಟಕ್ಕೆ ಹೊರಟ ನಸೀಮಾ ಯಂತ್ರದ ದೀಪ ಆರಿಸದೆ, ಗಾಜು ತೆಗೆಯದೆ ಬಾಗಿಲು ಹಾಕಿದಳು.

"ಯಾಕಮ್ಮಾ ಹಾಗೇ ಬಿಟ್ಟೆ?" ಎಂದೆ.

"ಇರ್ಲಿ ಬಿಡಿ ಅಜ್ಜಿ. ನೋಡೋರು ನೋಡ್ಕೊಳ್ಳಲಿ."

"ಯಾರಾದ್ರೂ ಆಗ್ಲಿ, ಬುಕ್ ಮಾಡ್ಕೊಂಡು ನೋಡಕ್ಕೆ ಹೇಳಿ ನಸೀಮಕ್ಕ" ಎಂದು ಮೇಘನ ನಕ್ಕಳು. ನಾವು ಮೂವರೂ ನಕ್ಕೆವು.

ವಾಪಸ್ ಬರುವ ಬಸ್ಸಿನಲ್ಲಿ ನನ್ನ ನಗು ನಿಂತಿತು. ಅಂದು ತಿರುಪು ತಿರುಗಿಸಿದವರು ಯಾರೋ, ನೋಡಿದ್ದು ಊಟದ ಹೊತ್ತಿನಲ್ಲಿ. ಆ ಹೊತ್ತು ನಾಲ್ಕೂ ಊರಿನಲ್ಲಿ ಯಾರಿಗೂ ಬೇಕಿರಲಿಲ್ಲ, ಖಾಲಿ ಹೊತ್ತು ನೋಡಿಕೊಂಡೇ ಬಂದಿದ್ದರು.