‘ನಾಚ್ಕೆಗೆ ಅಂದ್ಕಂಡೆ’

ಗಂಡ ತೀರಿಕೊಂಡ ಮೇಲೆ ಹೀರಾ ಶಾಲೆಯ ಬಿಸಿಯೂಟ ಬೇಯಿಸಿ ಮಗನನ್ನು ಬೆಳೆಸಿದಳು. ಮಗ ನಿತೇಶ ಅಂಕೋಲಾದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆದ. ಅವನು ಯಾರ ಮೇಲೂ ದನಿ ಎತ್ತಿದ್ದನ್ನು ಅವಳು ಕಂಡವಳಲ್ಲ. ಹಾಗಾಗಿ, ಬೀಜ ಸುಲಿಯಲು ಬರುವ ಹಿಲ್ಲೂರಿನ ನಂದಿನಿ ಎಂಬ ಹೆಂಗಸನ್ನು ಅವನು ಗೋದಾಮಿನಲ್ಲಿ ಬಲವಂತದಿಂದ ಅಪ್ಪಿ ಹಿಡಿದನಂತೆ, ಪೊಲೀಸರಿಗೆ ದೂರು ಹೋಗಿದೆಯಂತೆ ಎಂದು ತಿಳಿದಾಗ, “ಬೇರೆ ಯಾವನೋ ಇರ್ಬೇಕು” ಅಂದಳು.

ಜಾಮೀನಿನ ಮೇಲೆ ಬಂದ ನಿತೇಶ ಅಲ್ಲಗಳೆಯಲೇ ಇಲ್ಲ.

“ಹಿಡ್ದದ್ದು ಹೌದು ಆಯಿ. ಅದ್ಕೂ ಮನಸ್ಸಿತ್ತು. ನನ್ನ ಕಂಡ್ರೆ ಯಾವಾಗ್ಲೂ ನಗಾಡ್ತಿತ್ತು.”

“ಬೇಡ ಹೇಳ್ಲಿಲ್ವನಾ?”

“ಹೇಳ್ತು. ಹೆಂಗಸ್ರು ಮೊದ್ಲು ಹಂಗೇ ಹೇಳೂದು.”

ಊಟಕ್ಕೆ ಬಡಿಸು ಎನ್ನುವಷ್ಟು ಸಲೀಸಾಗಿ ಹೇಳಿದ. ತಪ್ಪು ಮಾಡಿದವನ ಮುಖ ಹೀಗಿರುತ್ತದೆಯೇ? ಹೀರಾಳಿಗೆ ತಿಳಿಯಲಿಲ್ಲ.

ದೂರು ಹಿಂದೆ ತೆಗೆದುಕೊಳ್ಳಲು ಕೇಳೋಣವೆಂದು ಬಸ್ಸು ಹತ್ತಿ ಹಿಲ್ಲೂರಿಗೆ ಹೋದಳು. ನಂದಿನಿ ಅಂಗಳದಲ್ಲೇ ನಿಲ್ಲಿಸಿ ಮಾತಾಡಿದಳು.

“ನಗ್ತಿದ್ದೆ ಅಮ್ಮಾ. ಮುಖ ಗಂಟು ಹಾಕ್ಕಂಡ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಅಂದ್ರೆ? ಆದ್ರೆ ಆವತ್ತು ಅತ್ಬಿಟ್ಟೆ. ‘ಬಿಡಿ, ಬಿಡಿ’ ಹೇಳಿ ಕಣ್ಣೀರು ಹಾಕ್ದೆ.”

ದೂರಿನ ಮಾತೆತ್ತದೆ ಹೀರಾ ವಾಪಸು ಬಸ್ಸು ಹತ್ತಿದಳು.

ಮನೆಗೆ ಬಂದು ಮಗನಿಗೆ ಹೇಳಿದಳು: “ಅದು ಅಳ್ತಿತ್ತಂತಲ್ಲೊ.”

“ಅತ್ತದ್ದು ಹೌದು. ನಾಚ್ಕೆಗೆ ಅಂದ್ಕಂಡೆ.”

ಅಂದರೆ ಕಂಡಿದ್ದ! ಕಣ್ಣೀರು ಕಂಡೂ ತನಗೆ ಬೇಕಾದ ಅರ್ಥ ಹಚ್ಚಿಕೊಂಡಿದ್ದ. ಇದನ್ನು ಇವನಿಗೆ ಕಲಿಸಿದವರು ಯಾರು? ಗೆಳೆಯರೇ, ಮೊಬೈಲೇ, ಅಥವಾ ಈ ಮನೆಯೇ? ಅವಳು ಅವನ ಬಾಲ್ಯವನ್ನೆಲ್ಲ ತಡಕಾಡಿದಳು.

ಹೀರಾ ಮಗನನ್ನು ಕಾರವಾರಕ್ಕೆ ಕರೆದೊಯ್ದಳು. ಅಲ್ಲಿನ ಆಪ್ತಸಮಾಲೋಚಕಿ ಅಮಿತಾ ತಾಯಿ-ಮಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಇದು ಹುಚ್ಚಲ್ಲ. ಎದುರಿನವರ ಮನಸ್ಸು ತನಗೆ ಗೊತ್ತು ಅಂದುಕೊಳ್ಳುವುದು ಇವರಿಗೆ ರೂಢಿಯಾಗಿದೆ. ಬಿಡಿಸಬಹುದು. ಆದರೆ ಅದು ತಪ್ಪು ಅಂತ ಮೊದಲು ಇವರಿಗೇ ಅನ್ನಿಸಬೇಕು.”

ಪೊಲೀಸರು ವಿಚಾರಣೆಗೆ ಬಂದಾಗ ಹೀರಾ, ಮಗ ತನ್ನೆದುರು ಆಡಿದ್ದನ್ನು ಆಡಿದ ಹಾಗೇ ಹೇಳಿದಳು. ಯಾಕೆ ಹೇಳಿದೆ ಎಂದು ಅವಳಿಗೂ ಸರಿಯಾಗಿ ಗೊತ್ತಿಲ್ಲ. ಅಂದೇ ನಿತೇಶ ಬಟ್ಟೆ ತುಂಬಿಕೊಂಡು ಕೇಣಿಯ ಸೋದರಮಾವನ ಮನೆಗೆ ಹೋದ.

ಕೇಸು ನಡೆಯುತ್ತಿದೆ. ಕಾರವಾರಕ್ಕೆ, ಅಮಿತಾ ಅವರ ಬಳಿಗೆ, ಅವನು ತಪ್ಪದೇ ಹೋಗುತ್ತಾನಂತೆ. ಮೊನ್ನೆ ಫೋನ್ ಮಾಡಿದ್ದ.

“ಆಯಿ, ನಾ ಕೆಟ್ಟವ್ನಾ?”

“ನಂದಿನಿ ಹೇಳ್ದದ್ದು ಖರೆ ಮಗಾ,” ಅಂದಳು.

ಅವನು ಫೋನ್ ಇಟ್ಟನೋ, ಕೇಳುತ್ತ ನಿಂತಿದ್ದಾನೋ ತಿಳಿಯದೆ ಹೀರಾ ಹಾಗೇ ಕಿವಿಗೊಟ್ಟು ಕೂತಳು.