ಫೋಕಸ್‌ಗೆ ಅಡ್ಡ ಬಂದವರು

ಹೊಸ ಕ್ಯಾಮೆರಾದ ಡಬ್ಬಿ ಬಿಚ್ಚಿದಾಗ ಬರುವ ವಾಸನೆ ಹೆಚ್ಚಿನವರಿಗೆ ಖುಷಿ ಕೊಡುತ್ತದೆ. ಕಳೆದ ತಿಂಗಳು ನನಗೆ ಬಂದದ್ದು ಸಿಟ್ಟು. ಯಲಹಂಕದ ನಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಮೆನು ಸರಿಸುತ್ತಿದ್ದೆ. ಕೊನೆಯಲ್ಲಿ ಒಂದು ಪ್ರಶ್ನೆ: ಎಲ್ಲ ಸೆಟ್ಟಿಂಗುಗಳನ್ನೂ ಅಳಿಸಿ ಮೊದಲಿನಂತೆ ಮಾಡಬೇಕೇ? ಎಷ್ಟು ವಿನಯ ನೋಡಿ. ಮುನಿರಾಜು ಸಾರ್ ಅವರನ್ನೂ ಹೀಗೇ ಕೇಳಿರಬೇಕು. ಅವರು ಹೌದು ಎಂದುಬಿಟ್ಟಿದ್ದರು.

ನಾನು ಆಗ ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಮುನಿರಾಜು ಹಿರಿಯ ಫೋಟೋಗ್ರಾಫರ್. ಹಾರ, ಶಾಲು, ದೀಪ ಬೆಳಗುವುದು, ಇವುಗಳಲ್ಲಿ ಎತ್ತಿದ ಕೈ. ನನ್ನ ಪಾಲಿಗೆ ಬಂದದ್ದು ಹೆಣ್ಣುಮಕ್ಕಳ ಆಟಗಳು, ಅವೂ ಪುಟದಲ್ಲಿ ಜಾಗ ಮಿಕ್ಕರೆ. ಆಫೀಸಿನ ಒಂದೇ ದೊಡ್ಡ ಕ್ಯಾಮೆರಾವನ್ನು ಇಬ್ಬರೂ ಹಂಚಿಕೊಳ್ಳಬೇಕಿತ್ತು.

ಕಬಡ್ಡಿಯ ಫೋಟೋ ತೆಗೆಯುವುದು ಸುಲಭವೆಂದು ನೀವು ಅಂದುಕೊಂಡಿದ್ದರೆ ಒಮ್ಮೆ ಪ್ರಯತ್ನಿಸಿ. ಎದುರಾಳಿಯ ಅಂಗಳಕ್ಕೆ ನುಗ್ಗುವ ರೈಡರ್ ಮೇಲೆ ಫೋಕಸ್ ಕೂರಿಸಿರುತ್ತೀರಿ, ಅಷ್ಟರಲ್ಲಿ ಹಿಡಿಯುವವಳೊಬ್ಬಳು ಅಡ್ಡ ಬರುತ್ತಾಳೆ, ಕ್ಯಾಮೆರಾ ಅವಳ ಬೆನ್ನಿಗೆ ಮರುಳಾಗಿ ಹೋಗಿಬಿಡುತ್ತದೆ. ಹಾಗಾಗದಂತೆ ಅದಕ್ಕೆ ಪಾಠ ಹೇಳಬಹುದು: ಅಡ್ಡ ಬಂದವರನ್ನು ಲೆಕ್ಕಿಸಬೇಡ, ಸ್ವಲ್ಪ ತಡೆದುಕೋ, ಇವಳನ್ನೇ ಹಿಂಬಾಲಿಸು. ಫೋಕಸ್ ಮಾಡುವ ಕೆಲಸವನ್ನು ಮೇಲಿನ ಗುಂಡಿಯಿಂದ ಬಿಡಿಸಿ, ಹಿಂದೆ ಹೆಬ್ಬೆರಳಿಗೆ ಸಿಗುವ ಗುಂಡಿಗೆ ಕೊಡಬಹುದು. ಆಗ ತೋರುಬೆರಳು ಚಿತ್ರ ತೆಗೆಯುವುದಕ್ಕೆ ಮಾತ್ರ. ಇದನ್ನೆಲ್ಲ ನಾನು ಕಲಿತದ್ದು ನಮ್ಮ ಬೀದಿಯ ನಾಯಿಗಳನ್ನು ಓಡಿಸಿ. ಅಕ್ಕಪಕ್ಕದವರು ನನಗೆ ನಾಯಿ ಮೇಡಂ ಎಂದು ಹೆಸರಿಟ್ಟರು. ನಾಯಿಗಳೂ ಕೊನೆಕೊನೆಗೆ ನನ್ನನ್ನು ಕಂಡರೆ ಎದ್ದು ಹೋಗುತ್ತಿದ್ದವು.

ಆಮೇಲೆ ಅಮೃತಹಳ್ಳಿಯ ಮೈದಾನಕ್ಕೆ ಹೋಗತೊಡಗಿದೆ. ಅಲ್ಲಿ ಅಭ್ಯಾಸ ಮಾಡುತ್ತಿದ್ದ ತಂಡದ ರೈಡರ್ ಸವಿತಾ. ಆಗಿನ್ನೂ ಡಿಗ್ರಿ ಓದುತ್ತಿದ್ದಳು. ಊರಿನ ಹಳೆಯ ಮನೆತನದ ಹುಡುಗಿ, ಗಿಡ್ಡ ಆಳು, ಮಹಾ ಚುರುಕು.

"ಅಕ್ಕ, ನಾನು ಇಂಗೆ ಬಗ್ಗಿ ನುಗ್ತೀನಲ್ಲ, ನಿಮ್ ಕ್ಯಾಮೆರಾಗೆ ಸಿಗ್ತೀನಾ?" ಎಂದು ಕೇಳುತ್ತಿದ್ದಳು.

ಮೊದಮೊದಲು ಸಿಗುತ್ತಿರಲಿಲ್ಲ. ಸೆಟ್ಟಿಂಗನ್ನು ಒಂದೊಂದೇ ಹಂತ ತಿದ್ದುತ್ತ ಹೋದೆ. ಒಂದು ಬೆಳಿಗ್ಗೆ ಮೂವರು ಮೈಮೇಲೆ ಬಿದ್ದಿದ್ದರೂ ಅವರ ನಡುವಿನಿಂದ ಅವಳ ಕಣ್ಣು, ಹಣೆಯ ಬೆವರು, ಎಲ್ಲವೂ ಸ್ಪಷ್ಟವಾಗಿ ಬಂದವು. ಇಬ್ಬರೂ ಪರದೆಯ ಮೇಲೆ ಬಗ್ಗಿ ಚಿಕ್ಕ ಮಕ್ಕಳ ಹಾಗೆ ನಕ್ಕೆವು.

ಅದೇ ಸೀಸನ್ನಿನ ಫೈನಲ್ ಹೆಬ್ಬಾಳದ ಕಡೆಯ ಒಂದು ಮೈದಾನದಲ್ಲಿ ನಡೆಯಿತು. ಎದುರಾಳಿ ಆತಿಥೇಯರ ತಂಡವೇ. ಗೆದ್ದ ತಂಡದವರನ್ನು ರಾಜ್ಯದ ಆಯ್ಕೆ ಶಿಬಿರಕ್ಕೆ ಕರೆಯುತ್ತಾರೆಂದು ಮೊದಲೇ ಹೇಳಿದ್ದರು. ವಿರಾಮದಲ್ಲಿ ಮುಖ್ಯ ಅತಿಥಿಗಳಿಗೆ ಸನ್ಮಾನ. ಮುನಿರಾಜು ಬಂದು, "ಐದು ನಿಮಿಷ ಕೊಡ್ರಿ" ಎಂದು ಕ್ಯಾಮೆರಾ ತೆಗೆದುಕೊಂಡು ಹೋದವರು ಆಟ ಮುಗಿಯುತ್ತ ಬಂದರೂ ವೇದಿಕೆಯಿಂದ ಇಳಿಯಲಿಲ್ಲ. ಕೊನೆಯ ರೈಡಿಗೆ ಸವಿತಾ ಹೊರಟಾಗ ಓಡಿಬಂದು ನನ್ನ ಕೈಗೆ ತುರುಕಿದರು.

ಸವಿತಾಳ ತಂಡ ಒಂದೇ ಅಂಕ ಹಿಂದಿತ್ತು. ಅವಳು ಒಬ್ಬಳನ್ನು ಮುಟ್ಟಿ ತಿರುಗುವಷ್ಟರಲ್ಲಿ ಇಬ್ಬರು ಕಾಲು ಹಿಡಿದು ಕೆಡವಿದರು. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಲೇ ತೆವಳಿ, ಮಧ್ಯಗೆರೆಯ ಕಡೆ ಕೈ ಚಾಚಿದಳು. ನಾನು ಗುಂಡಿ ಒತ್ತಿದಾಗಲೆಲ್ಲ ಕ್ಯಾಮೆರಾ ಹೊಸದಾಗಿ ಫೋಕಸ್ ಹುಡುಕತೊಡಗಿತು. ಒಮ್ಮೆ ಅಡ್ಡ ಬಂದವಳ ಬೆನ್ನು, ಆಮೇಲೆ ಹಿಂದಿನ ಫ್ಲೆಕ್ಸ್ ಬ್ಯಾನರು. ಸೀಟಿ ಕೇಳಿಸಿತು. ಅಂಪೈರ್ ಔಟ್ ಎಂದರು.

"ಮುಟ್ಟಿದೀನಿ ಸಾರ್! ಗೆರೆ ಮುಟ್ಟಿದೀನಿ!" ಸವಿತಾ ಕೂಗಿದಳು. ಅವಳ ಕೋಚ್ ನನ್ನ ಬಳಿಗೆ ಓಡಿಬಂದರು. "ಮೇಡಂ, ಫೋಟೋ ತೋರ್ಸಿ, ಬೇಗ."

ತೋರಿಸಿದೆ. ಕೈ ಬರೀ ಮಂಜು. ಅದರ ಹಿಂದೆ ಬ್ಯಾನರಿನಲ್ಲಿದ್ದ ಮುಖ್ಯ ಅತಿಥಿಗಳ ನಗು, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ ಮೂಡಿತ್ತು.

"ಸಾರ್, ಸೆಟ್ಟಿಂಗ್ ಮುಟ್ಟಿದ್ರಾ?" ಎಂದು ಕೇಳಿದೆ.

"ಏನೇನೋ ಮಾಡಿಟ್ಟಿದ್ರಿ ಕಣ್ರೀ. ಸಾಹೇಬ್ರ ಮುಖಕ್ಕೆ ಫೋಕಸ್ಸೇ ಬರ್ಲಿಲ್ಲ, ರೀಸೆಟ್ ಹೊಡ್ದೆ," ಎಂದರು ಮುನಿರಾಜು. "ಕಬಡ್ಡಿಗೆಲ್ಲ ಆಟೋ ಸಾಕು ಬಿಡ್ರಿ."

ಮಾರನೆಯ ದಿನ ಕ್ರೀಡಾಪುಟದಲ್ಲಿ ಶಾಲು ಹೊದ್ದ ಸಾಹೇಬರು ದೊಡ್ಡದಾಗಿ ಬಂದರು. ಆಫೀಸಿನಲ್ಲಿ ನಾನು ಕೂಗಾಡಿದೆ. "ಹಿರಿಯರು, ಅಡ್ಜಸ್ಟ್ ಮಾಡ್ಕೊಳಿ," ಎಂದರು ಸಂಪಾದಕರು. ಆಗಲಿಲ್ಲ, ಆ ವರ್ಷವೇ ಕೆಲಸ ಬಿಟ್ಟೆ. ಮುಂದೆ ಆರ್.ಟಿ. ನಗರದ ಒಂದು ಮದುವೆಯಲ್ಲಿ ಮುನಿರಾಜು ನನ್ನ ಎದುರಿನ ಪಂಕ್ತಿಯಲ್ಲೇ ಕೂತರು. ಪಾಯಸ ಬರುವ ಮೊದಲೇ ಎಲೆ ಬಿಟ್ಟು ಎದ್ದೆ. ನನಗೆ ಪಾಯಸವೆಂದರೆ ಪ್ರಾಣ, ಆ ಸಿಟ್ಟನ್ನೂ ಅವರ ಲೆಕ್ಕಕ್ಕೇ ಸೇರಿಸಿದೆ.

ಕಳೆದ ತಿಂಗಳು ಆ ಮೆನು ನೋಡಿ ರಕ್ತ ಕುದಿದಾಗ ಸವಿತಾಳಿಗೆ ಫೋನ್ ಮಾಡಿದೆ. ಈಗ ಜಕ್ಕೂರಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಆ ವರ್ಷ ಶಿಬಿರ ತಪ್ಪಿದ್ದು, ಮತ್ತೆ ಅವಳಿಗೆ ಕರೆ ಬರಲೇ ಇಲ್ಲ.

"ಆ ಮುನಿರಾಜು ಒಬ್ರು ಇಲ್ದಿದ್ರೆ..." ಎಂದು ಶುರು ಮಾಡಿದೆ.

"ಯಾರಕ್ಕ ಮುನಿರಾಜು?"

ಹೇಳಿದೆ.

"ಅಕ್ಕ, ಅಂಪೈರ್ ನನ್ನ ಕೈ ಪಕ್ಕದಲ್ಲೇ ನಿಂತಿದ್ರು. ಬಗ್ಗಿ ನೋಡಿದ್ರು. ಆಮೇಲೆ ವೇದಿಕೆ ಕಡೆ ನೋಡಿದ್ರು, ಆಮೇಲೇ ಸೀಟಿ ಊದಿದ್ದು. ನೀವು ಫೋಟೋ ತೋರ್ಸಿದ್ರೆ ಒಪ್ಕೊಂಬಿಡ್ತಿದ್ರಾ?"

ಇಷ್ಟು ವರ್ಷ ಒಬ್ಬ ಅಹಂಕಾರಿಯನ್ನು ಬೈದುಕೊಂಡು ಕೂತಿದ್ದೆ. ಕಣ್ಣಾರೆ ಕಂಡು ಸುಳ್ಳು ಹೇಳಿದವನ ಮುಖವೂ ನನಗೆ ನೆನಪಿಲ್ಲ.

"ಭಾನುವಾರ ಪುಟ್ಟೇನಹಳ್ಳಿಗೆ ಬನ್ನಿ ಅಕ್ಕ, ಮ್ಯಾಚಿದೆ," ಎಂದಳು.

ಹೋದೆ. ಸವಿತಾ ಬಂದದ್ದು ತಂಡದ ಕೋಚ್ ಆಗಿ ಅಲ್ಲ. ಕೊರಳಲ್ಲಿ ಸೀಟಿ, ಅಂಪೈರಿನ ಬಿಳಿ ಅಂಗಿ. ಪರೀಕ್ಷೆ ಪಾಸು ಮಾಡಿದ್ದಾಳಂತೆ. ಆಟ ಬಿಗಿಯಾದಾಗ ಅವಳು ಆತಿಥೇಯ ತಂಡದ ವಿರುದ್ಧ ಒಂದು ಅಂಕ ಕೊಟ್ಟಳು. ವೇದಿಕೆಯಿಂದ ಚಿನ್ನದ ಸರದ ಗಂಡಸೊಬ್ಬ ಇಳಿದು ಬಂದ.

"ಏನ್ ಮೇಡಂ, ಸ್ವಲ್ಪ ನೋಡ್ಕೊಂಡು ಕೊಡ್ರಿ."

ಸವಿತಾ ಬೆರಳು ತೋರಿಸಿ ಹೇಳಿದಳು: "ನೋಡೇ ಕೊಟ್ಟಿದೀನಿ ಸಾರ್. ಗೆರೆಯಿಂದಾಚೆ ನಿಲ್ಲಿ."