ಬರೇ ಧೂಳ ಐತ್ರಿ

ಮೊನ್ನೆ ಮನೆಯ ಕಂಪ್ಯೂಟರು ಮತ್ತೆ ಮುನಿಸಿಕೊಂಡಿತು. ಮುಚ್ಚಳ ಬಿಚ್ಚಿದರೆ ಕಾದ ಧೂಳಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಕಾಕಾ ನೆನಪಾದರು...

ನಮ್ಮ ಓಣಿಯ ಕೊನೆಯ ಮನೆ ಅವರದು, ಓಣಿಗೆಲ್ಲ ಅವರು ಕಾಕಾ. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದರು, ಬರಬರುತ್ತ ಕಂಪ್ಯೂಟರಿಗೂ ಕೈ ಹಾಕಿದರು. ಯಂತ್ರವನ್ನು ಗದರಿಸುತ್ತ, ರಮಿಸುತ್ತ ಕೆಲಸ ಮಾಡುವ ಚಾಳಿ ಅವರಿಗೆ. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಒಂದು ವರ್ಷ ಖಂಡೇನವಮಿಯ ಆಯುಧಪೂಜೆ ಮುಗಿದ ಮರುದಿನ ಕಂಪ್ಯೂಟರು ಭರ್ರೆಂದು ಸದ್ದು ಮಾಡಿ ಆರಿಹೋಯಿತು. ಎಷ್ಟು ಸಲ ಚಾಲೂ ಮಾಡಿದರೂ ಅದೇ ಕತೆ. ಅದರಲ್ಲಿ ನಮ್ಮಜ್ಜಿಯ ಬೀಸುವ ಪದಗಳಿದ್ದವು. ಅಜ್ಜಿ ತೀರುವ ಮುಂಚೆ ನಾನು ರೆಕಾರ್ಡ್ ಮಾಡಿಟ್ಟದ್ದು, ಬೇರೆಲ್ಲೂ ಪ್ರತಿ ಇರಲಿಲ್ಲ. ತಾಯಿ ಎರಡನೇ ಸಲ ಹೋದಳೆಂಬಂತೆ ಅವ್ವ ಊಟ ಬಿಟ್ಟು ಕೂತಳು.

ನಮಾಜು ಮುಗಿಸಿಕೊಂಡು ಕಾಕಾ ಬಂದರು. ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಗಾಳಿಯ ಕಿಂಡಿಯಿಂದ ಇಳಿದ ಕುಂಕುಮ, ಅರಿಷಿಣ, ಚೆಂಡುಹೂವಿನ ಎಸಳು... ಫ್ಯಾನು ಕಚ್ಚಿಕೊಂಡು ನಿಂತಿತ್ತು. ಈಳಿಗೆ, ಹೊಲಿಗೆ ಯಂತ್ರದ ಜೊತೆ ಅವ್ವ ಇದಕ್ಕೂ ಕೈತುಂಬ ಏರಿಸಿ ಪೂಜೆ ಮಾಡಿದ್ದಳು.

"ಏನಾಗೇತ್ರಿ ಕಾಕಾ?" ಅವ್ವ ಬಾಗಿಲಲ್ಲೇ ನಿಂತು ಕೇಳಿದಳು.

ಕಾಕಾ ನನ್ನ ಮುಖ ನೋಡಿದರು. ಮೆಲ್ಲಗೆ ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಬರೇ ಧೂಳ ಐತ್ರಿ ಅಕ್ಕಾರ. ಹಾಡು ಎಲ್ಲೂ ಹೋಗಂಗಿಲ್ಲ. ನೀವು ಊಟಾ ಮಾಡ್ರಿ."

ಬ್ರಶ್ಶಿನಿಂದ ಎಲ್ಲ ಝಾಡಿಸಿದರು, ಬೇಡದ ಫೈಲುಗಳನ್ನು ಅಳಿಸಿದರು, ಹಾಡುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಅಜ್ಜಿಯ ದನಿ ಹೊರಟಾಗ ಅವ್ವ ಅತ್ತೇಬಿಟ್ಟಳು. ನನಗೆ ಕಾಕಾನ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು.

ಮುಂದಿನ ವರ್ಷ ನವಮಿಯ ಮುಂಜಾನೆ ಅಂಗಡಿಯ ಕೆಟ್ಟ ಕೀಬೋರ್ಡೊಂದನ್ನು ಹಿಡಿದುಕೊಂಡು ಬಂದರು.

"ಇದು ಹಿರೀ ಜೀವ ಐತ್ರಿ. ಪೂಜಿ ಇದಕ್ಕ ಮಾಡ್ರಿ, ಎಲ್ಲಾದಕ್ಕೂ ಮುಟ್ಟತೈತಿ."

ಅವ್ವ ನಕ್ಕು ತೆಗೆದುಕೊಂಡಳು. ಆಮೇಲೆ ಕುಂಕುಮ ಕಚ್ಚಿ ಫ್ಯಾನು ಎಂದೂ ನಿಲ್ಲಲಿಲ್ಲ.

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಅವರಿಲ್ಲದ ಓಣಿ ನನಗಿನ್ನೂ ರೂಢಿಯಾಗಿಲ್ಲ. ಮೊನ್ನೆ ನಾನೇ ಧೂಳು ತೆಗೆದೆ, ಅವರು ಕಲಿಸಿದಂತೆ. ಯಂತ್ರ ಸರಿಹೋದ ಖುಷಿಗೆ ಅಜ್ಜಿಯ ಪದ ಹಚ್ಚಿದೆ. ಅವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಅವತ್ತ ಕಾಕಾ ನಮ್ಮ ಹಿತ್ತಲದಾಗ ಬ್ರಶ್ ತೊಳದ್ರಲ್ಲ, ನೀರು ಕೆಂಪಗ ಹರೀತು. ನಾ ನೋಡೇನಿ," ಎಂದಳು. "ಅವರ ಮುಂದ ಒಮ್ಮೆ ಹೇಳಬೇಕಂತಿದ್ದೆ... ಹಂಗ ಉಳೀತು."